ನಾಲ್ಕನೇ ಚೀಟಿಯಾಕೆ ಹೊಲಿದ ಚೀಲ

ಜನರ ಬಾಯಿ ಬಿಡಿಸುವುದರಲ್ಲಿ ನಾನು ಎತ್ತಿದ ಕೈ. ಈ ಮಾತನ್ನು ಒಂದು ಕಾಲದಲ್ಲಿ ಜಂಬದಿಂದಲೇ ಹೇಳಿಕೊಳ್ಳುತ್ತಿದ್ದೆ, ಈಗ ಹೇಳುವಾಗ ಬಾಯಿ ಕಹಿಯಾಗುತ್ತದೆ. ಹದಿನೈದು ವರ್ಷದಿಂದ ನನ್ನ ಕೆಲಸ ಇಷ್ಟೇ. ಎಂಟೋ ಹತ್ತೋ ಜನರನ್ನು ಒಂದು ಜಮಖಾನದ ಮೇಲೆ ದುಂಡಗೆ ಕೂರಿಸಬೇಕು, ಒಂದು ವಿಷಯವನ್ನು ಅವರ ನಡುವೆ ಇಡಬೇಕು, ಅವರವರೇ ಮಾತಾಡಿಕೊಳ್ಳುವ ಹಾಗೆ ಮಾಡಿ, ಆಡಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಬಳ್ಳಾರಿಗೆ ಬಂದು ಬರೆದು ಕಳಿಸಬೇಕು. ಕಾಲೇಜಿನವರು ಇದಕ್ಕೆ ಫೋಕಸ್ ಗ್ರೂಪ್ ಅನ್ನುತ್ತಾರೆ. ವರದಿಯಲ್ಲಿ ಗುಂಪು ಚರ್ಚೆ ಎಂದು ಬರೆಯುತ್ತೇವೆ. ನಮ್ಮ ಕಡೆಯ ಹೆಂಗಸರು ಮಾತ್ರ ‘ಮೀಟಿಂಗು’ ಅಂತಲೇ ಕರೆಯುವುದು.

ಮನೆಮನೆಗೆ ಹೋಗಿ ಹೌದು, ಇಲ್ಲ ಎಂದು ಗುರುತು ಹಾಕಿಕೊಂಡು ಬರುವ ಸರ್ವೆ ಬೇರೆ, ಇದು ಬೇರೆ. ಇಲ್ಲಿ ಒಬ್ಬಳು ಏನೋ ಅಂದರೆ ಇನ್ನೊಬ್ಬಳು ‘ಏ, ಹಂಗಲ್ಲ ಬಿಡವಾ’ ಅನ್ನಬೇಕು, ಮೂರನೆಯವಳು ಬಾಯಿಗೆ ಸೆರಗು ಹಿಡಿದು ನಗಬೇಕು. ಆ ನಗೆಯ ಹಿಂದೆ ಹೋದರೆ ನಮಗೆ ಬೇಕಾದ್ದು ಸಿಗುತ್ತದೆ. ಅದಕ್ಕೆ ನೂರೆಂಟು ಉಪಾಯಗಳಿವೆ. ಬಾಯಿ ಬಡಕಿಯನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ, ನನ್ನ ಮುಖ ಕಾಣದಿದ್ದರೆ ಅವಳ ಮಾತು ತಾನೇ ಕಡಿಮೆಯಾಗುತ್ತದೆ. ತುಟಿ ಬಿಚ್ಚದವಳನ್ನು ಎದುರಿಗೆ ಕೂರಿಸುತ್ತೇನೆ. ಎಲ್ಲರೂ ಸುಮ್ಮನಾದಾಗ ನಾನೂ ಸುಮ್ಮನಿದ್ದು ಮನಸ್ಸಿನಲ್ಲಿ ಹತ್ತು ಎಣಿಸುತ್ತೇನೆ, ಎಂಟು ದಾಟುವುದರೊಳಗೆ ಯಾರಾದರೂ ಬಾಯಿ ಬಿಡುತ್ತಾರೆ.

ಹೆಸರು ಕೇಳುವುದಿಲ್ಲ. ಎಲ್ಲರ ಸೆರಗಿಗೂ ಒಂದೊಂದು ನಂಬರಿನ ಚೀಟಿ ಪಿನ್ನು ಹಾಕುತ್ತೇವೆ. ಜೊತೆಗೆ ಬರೆದುಕೊಳ್ಳಲು ಬರುವವಳು ನನ್ನ ಗೆಳತಿ, ಬಳ್ಳಾರಿ ಕೌಲ್ ಬಜಾರಿನವಳು, ಹಾಸಿಗೆ ದಿಂಬು ತುಂಬುವವರ ಮನೆಯ ಮಗಳು. ಯಾರು ಎಲ್ಲಿ ಕೂತಿದ್ದಾರೆ ಎಂದು ದುಂಡಗೆ ಚಿತ್ರ ಬರೆದು ನಂಬರ್ ಹಾಕಿಕೊಳ್ಳುವುದು ಅವಳ ಕೆಲಸ. ಆಮೇಲೆ ನಾನು ನಿಯಮ ಹೇಳುತ್ತೇನೆ. ತಪ್ಪು ಉತ್ತರ ಅಂತ ಯಾವುದೂ ಇಲ್ಲ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಳ್ಳಬೇಕು, ಕೊನೆಯದಾಗಿ, ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ. ಈ ಕೊನೆಯದನ್ನು ಹೇಳುವಾಗ ನಾನು ಬಲಗೈಯನ್ನು ಜಮಖಾನದ ಮೇಲೆ ಊರುತ್ತಿದ್ದೆ. ಹಾಗೆ ಮಾಡಿದರೆ ಜನ ಹೆಚ್ಚು ನಂಬುತ್ತಾರೆ ಎಂದು ನಾನೇ ಕಂಡುಕೊಂಡಿದ್ದೆ.

ಆ ಸಲದ ವಿಷಯ, ಹೆಣ್ಣುಮಕ್ಕಳು ಹತ್ತನೇ ಕ್ಲಾಸೋ ಪಿಯುಸಿಯೋ ಮುಗಿಸಿ ಓದು ಯಾಕೆ ಬಿಡುತ್ತಾರೆ ಎನ್ನುವುದು. ಮೊದಲನೇ ಗುಂಪು ಸಿರುಗುಪ್ಪದಲ್ಲಿ, ತಾಯಂದಿರದು. ಅಕ್ಕಿ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಒಂದು ಸಮುದಾಯ ಭವನ, ಕಿಟಕಿ ಮುಚ್ಚಿದರೂ ಹೊಟ್ಟಿನ ಧೂಳು ಒಳಗೆ ಬರುತ್ತಿತ್ತು. ಒಂಬತ್ತು ಜನ ಬಂದಿದ್ದರು. ಮೊದಲ ಅರ್ಧ ತಾಸು ಎಲ್ಲ ಊರಲ್ಲೂ ಸಿಗುವ ಮಾತೇ ಸಿಕ್ಕಿತು. ಬಸ್ಸು ಸರಿಯಿಲ್ಲ, ಕಾಲೇಜು ದೂರ, ಮೊಬೈಲು ಬಂದು ಹುಡುಗಿಯರು ಕೆಟ್ಟರು. ನನಗೆ ಆಕಳಿಕೆ ಬರುವುದರಲ್ಲಿತ್ತು.

ಆಗ ನನ್ನ ಎದುರಿಗೆ ಕೂತಿದ್ದ ನಾಲ್ಕನೇ ಚೀಟಿಯಾಕೆ ಕತ್ತೆತ್ತಿದಳು. ನಲವತ್ತರ ಆಸುಪಾಸಿನವಳು, ತೆಳ್ಳಗೆ, ಕಣ್ಣಲ್ಲಿ ಒಂದು ತುಂಟತನ. ಅಲ್ಲಿಯವರೆಗೆ ತುಟಿ ಪಿಟ್ಟೆಂದಿರಲಿಲ್ಲ.

“ಇದು ಹೊರಗ ಹೋಗಂಗಿಲ್ಲ ಅಂದ್ರಲ್ರಿ? ಖರೇ ಏನು?” ಎಂದು ಕೇಳಿದಳು.

“ಖರೇನ ಅವ್ವಾ. ಇಲ್ಲಿ ಆಡಿದ ಮಾತು ಇಲ್ಲೇ,” ಎಂದು ಮತ್ತೊಮ್ಮೆ ಕೈ ಊರಿದೆ.

“ಹಂಗಾದ್ರ ಕೇಳ್ರಿ. ನನ್ನ ಮಗಳು ಬಳ್ಳಾರ್ಯಾಗ ನರ್ಸಿಂಗ್ ಓದಾಕತ್ತಾಳ. ಎರಡನೇ ವರ್ಷ. ನಮ್ಮ ಮನಿಯವರ ಅಣ್ಣಾರು ಕುರುಗೋಡಾಗ ಅದಾರ, ಹೊಲ ಮನಿ ಎಲ್ಲಾ ಅವರ ಕೈಯಾಗ. ನರ್ಸು ಅಂದ್ರ ಕಂಡವರ ಮೈ ಮುಟ್ಟಬೇಕು, ರಾತ್ರಿ ಡ್ಯೂಟಿ ಮಾಡಬೇಕು, ನಮ್ಮ ಮನಿತನಕ್ಕ ಬ್ಯಾಡ ಅಂದ್ಬಿಟ್ರು. ಒಂದು ವರನೂ ನೋಡಿ ಇಟ್ಟಿದ್ರು. ನಮ್ಮನಿಯವರು ಅಣ್ಣನ ಮುಂದ ಬಾಯಿ ಬಿಡೋರಲ್ಲ. ಅದಕ್ಕ ನಾನೇ, ಹುಡುಗಿ ಬಳ್ಳಾರಿಗಿ ಜೀನ್ಸ್ ಹೊಲಿಯೋದು ಕಲಿಯಾಕ ಹೋಗ್ತಾಳ, ಕಲತ ಮ್ಯಾಲ ಮದುವಿ ಮಾಡೋಣು ಅಂತ ಹೇಳೀನ್ರಿ.”

ಬಳ್ಳಾರಿಯ ಓಣಿ ಓಣಿಯಲ್ಲಿ ಜೀನ್ಸ್ ಹೊಲಿಯುತ್ತಾರೆ, ಯಾರು ಅನುಮಾನ ಪಡುತ್ತಾರೆ? ಗುಂಪು ಹೋ ಎಂದು ನಕ್ಕಿತು. “ಏ, ನೀ ಭಾರೀ ಅದೀಯವಾ!” ಎಂದು ಪಕ್ಕದವಳು ಅವಳ ತೊಡೆಗೆ ಹೊಡೆದಳು. ಇನ್ನೊಬ್ಬಳು, “ಅಲ್ಲವಾ, ಏನರ ಹೊಲದು ತೋರ್ಸು ಅಂದ್ರ ಏನು ಮಾಡ್ತಿ?” ಎಂದಳು.

“ಅಂದ್ರಲ್ಲ! ನಮ್ಮ ನೆಗೆಣ್ಣಿ, ಅದೇ ಭಾವನ ಹೆಂಡ್ತಿ, ಮಗಳು ಏನು ಕಲತಾಳ ನೋಡೋಣು ಅಂದ್ಳು. ನಾನೇ ಮೂರು ದಿನ ಕೂತು ಹಳೇ ಪ್ಯಾಂಟು ಕತ್ತರಿಸಿ ಒಂದು ಕೈಚೀಲ ಹೊಲದೀನ್ರಿ. ಪ್ಯಾಂಟಿನ ಹಿಂದಿನ ಜೇಬು ಐತಲ್ಲ, ಅದು ಹಂಗೇ ಹೊರಗ ಬರಂಗ ಮಾಡಿ, ಮ್ಯಾಲ ಕೆಂಪು ದಾರದಾಗ ಒಂದು ಹೂವು ಹಾಕೀನಿ. ಮಗಳು ಹೊಲದಿದ್ದು ಅಂತ ಕೊಟ್ಟೀನಿ. ಎಷ್ಟು ಖುಷಿ ಪಟ್ಲು ಅಂತೀರಿ! ನಮ್ಮ ಹುಡುಗಿಗಿ ಸೂಜ್ಯಾಗ ದಾರ ಪೋಣ್ಸಾಕ ಬರಂಗಿಲ್ರೀ ಯಪ್ಪಾ!”

ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಸೆರಗಿನಿಂದ ಒರೆಸಿಕೊಂಡು, ದನಿ ತಗ್ಗಿಸಿ, “ಇನ್ನೊಂದೂವರಿ ವರ್ಷ ಹಿಂಗ ತಳ್ಳಿದ್ರ ಸಾಕ್ರಿ. ಕೆಲಸ ಸಿಕ್ಕು ಮೈಮ್ಯಾಲ ಬಿಳಿ ಅರಿವಿ ಬಿತ್ತಂದ್ರ ಯಾರು ಏನರ ಅನ್ಲಿ,” ಎಂದಳು. ಆ ಮಾತಿಗೆ ಯಾರೂ ನಗಲಿಲ್ಲ.

ನನಗೆ ಆಗ ಆದದ್ದು ಸಂತೋಷ. ಅವಳಿಗಾಗಿ ಅಲ್ಲ, ಅದನ್ನು ಈಗ ಬಿಚ್ಚಿ ಹೇಳುತ್ತೇನೆ. ನನ್ನ ವರದಿಗಾಗಿ. ಇಂಥ ಒಂದು ಮಾತು ಸಿಕ್ಕರೆ ಇಡೀ ಅಧ್ಯಯನ ಎದ್ದು ನಿಲ್ಲುತ್ತದೆ. ವಾಪಸು ಬರುವಾಗ ಬಸ್ಸಿನಲ್ಲಿ ಗೆಳತಿಗೆ, “ನೋಡಿದ್ಯಾ, ಚಿನ್ನ ಸಿಕ್ತು,” ಎಂದೆ. ಅವಳು ನೋಟ್ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ಪಾಪ ಅಕ್ಕಾ, ಆಕಿ ಎಷ್ಟು ಫಿಕರ್ ಇಟಗೊಂಡು ನಗ್ತಿದ್ಲು,” ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ವಾರ ಬಿಟ್ಟು ಕುರುಗೋಡು. ಅಲ್ಲಿನ ಗುಂಪು ತಾಯಂದಿರದಲ್ಲ, ಮನೆಯ ಹಿರಿಯ ಹೆಂಗಸರದು. ಹುಡುಗಿಯರ ಓದಿನ ಬಗ್ಗೆ ಮನೆಯಲ್ಲಿ ಕೊನೆಯ ಮಾತು ಯಾರದು ಎಂದು ತಿಳಿಯಬೇಕಿತ್ತು. ಒಂದು ದೊಡ್ಡ ಮನೆಯ ಪಡಸಾಲೆಯಲ್ಲಿ ಎಂಟು ಜನ ಗೋಡೆಗೆ ಒರಗಿ ಕೂತರು. ದುಂಡಗೆ ಕೂರಿಸಲು ನೋಡಿದೆ, “ಬೆನ್ನು ನೋಯ್ತೈತಿ ತಾಯಿ” ಎಂದು ಮತ್ತೆ ಗೋಡೆಗೇ ಹೋದರು. ವಗ್ಗಾಣಿ, ಮಿರ್ಚಿ ತರಿಸಿದ್ದೆವು. ತಿಂದರು, ಚಹಾ ಕುಡಿದರು, ಬಾಯಿ ಮುಚ್ಚಿದರು. ಏನು ಕೇಳಿದರೂ, “ಕಾಲ ಹೆಂಗೈತೋ ಹಂಗ ನಡಿಬೇಕ್ರಿ” ಎನ್ನುವುದು ಒಂದೇ ಉತ್ತರ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಒಬ್ಬ ಅಜ್ಜಿ ತೂಕಡಿಸತೊಡಗಿದಳು.

ನನಗೆ ಸಿಟ್ಟು ಬಂತು. ನನ್ನ ಗುಂಪಿನಲ್ಲಿ ತೂಕಡಿಕೆ ಅಂದರೇನು! ಇಂಥ ಹೊತ್ತಿಗೆ ನಮ್ಮ ಕಸುಬಿನಲ್ಲಿ ಒಂದು ಕೊನೆಯ ಉಪಾಯವಿದೆ. ‘ಬೇರೆ ಕಡೆ ಒಬ್ಬರು ಹೀಗಂದರು, ನೀವೇನಂತೀರಿ?’ ಎಂದು ಒಂದು ಮಾತನ್ನು ನಡುವೆ ಎಸೆಯುವುದು. ಆ ‘ಒಬ್ಬರು’ ಹೆಚ್ಚಿನ ಸಲ ನಾನೇ ಹುಟ್ಟಿಸಿದವರು. ಎಷ್ಟು ಊರುಗಳಲ್ಲಿ ಎಷ್ಟು ಇಲ್ಲದ ಅತ್ತೆಯರನ್ನು, ಇಲ್ಲದ ಸೊಸೆಯರನ್ನು ಹುಟ್ಟಿಸಿ ಜಗಳ ಹಚ್ಚಿ ಮಾತು ತೆಗೆದಿದ್ದೇನೋ ಲೆಕ್ಕವಿಲ್ಲ. ಅವತ್ತು ಹುಟ್ಟಿಸುವ ಶ್ರಮ ಬೇಕಾಗಲಿಲ್ಲ. ಬಾಯಿ ತುದಿಯಲ್ಲೇ ಒಬ್ಬಳು ಇದ್ದಳು.

“ಒಂದು ಕಡಿ ಒಬ್ಬ ತಾಯಿ ಏನು ಮಾಡ್ಯಾಳ ಕೇಳ್ರಿ,” ಎಂದು ಶುರು ಮಾಡಿದೆ. ಊರು ಹೇಳಲಿಲ್ಲ. ಹೆಸರು ನನಗೇ ಗೊತ್ತಿರಲಿಲ್ಲ. ಆದರೆ ಕಥೆ ಹೇಳುವ ಚಪಲ ನೋಡಿ, ಅದಕ್ಕೆ ಕೈಕಾಲು ಬೇಕಲ್ಲ! ಮಗಳ ನರ್ಸಿಂಗ್ ಹೇಳಿದೆ, ಹೊಲಿಗೆ ಕ್ಲಾಸಿನ ನೆಪ ಹೇಳಿದೆ, ತಾಯಿ ತಾನೇ ಕೂತು ಜೀನ್ಸಿನ ಚೀಲ ಹೊಲಿದು ಮಗಳದೆಂದು ಮನೆಯ ಹಿರಿಯಾಕೆಗೆ ಕೊಟ್ಟದ್ದು ಹೇಳಿದೆ. ಹೊರಗಿನ ಜೇಬು, ಕೆಂಪು ದಾರದ ಹೂವು, ಒಂದನ್ನೂ ಬಿಡಲಿಲ್ಲ. ಅವಳ ಹಾಗೆಯೇ ಕೈ ತಿರುಗಿಸಿ, “ನಮ್ಮ ಹುಡುಗಿಗಿ ಸೂಜ್ಯಾಗ ದಾರ ಪೋಣ್ಸಾಕ ಬರಂಗಿಲ್ಲ ಅಂದ್ಳು,” ಎಂದೆ.

ಉಪಾಯ ಫಲಿಸಿತು. ತೂಕಡಿಸುತ್ತಿದ್ದ ಅಜ್ಜಿ ಎಚ್ಚರಾಗಿ ನಕ್ಕಳು. “ಎಂಥಾ ಖತರ್ನಾಕ್ ಹೆಂಗಸು!” ಎಂದಳು ಒಬ್ಬಳು. “ಏನು ತಪ್ಪು? ಓದಿಸಾಕತ್ತಾಳ, ಓಡಿಸಿಲ್ಲಲ್ಲ,” ಎಂದಳು ಇನ್ನೊಬ್ಬಳು. ಪಡಸಾಲೆ ಸಂತೆಯಾಯಿತು. ನಾನು ಹಿಗ್ಗಿ ಹೀರೇಕಾಯಿಯಾಗಿ ಗೆಳತಿಯ ಕಡೆ ನೋಡಿದೆ. ಅವಳು ಬರೆಯುತ್ತಿರಲಿಲ್ಲ. ಕಣ್ಣು ಮೂಲೆಯಲ್ಲಿ ಕೂತಿದ್ದ ಆರನೇ ಚೀಟಿಯಾಕೆಯ ಮಡಿಲ ಮೇಲಿತ್ತು.

ಆ ಮಡಿಲಲ್ಲಿ ನೀಲಿ ಜೀನ್ಸಿನ ಕೈಚೀಲವಿತ್ತು. ಜೇಬು ಹೊರಗಡೆ ಇತ್ತು. ಕೆಂಪು ಹೂವಿತ್ತು. ಮೀಟಿಂಗಿಗೆ ಬರುವಾಗ ಎಲೆ ಅಡಿಕೆ, ಕನ್ನಡಕ ಹಾಕಿಕೊಂಡು ಬಂದಿದ್ದಳೆಂದು ಕಾಣುತ್ತದೆ. ಆಕೆ ನಗುತ್ತಿರಲಿಲ್ಲ. ಹೆಬ್ಬೆರಳಿನಿಂದ ಆ ಹೂವನ್ನು ಒಂದೇ ಸಮ ಉಜ್ಜುತ್ತಿದ್ದಳು.

‘ಮನಿಯವರ ಅಣ್ಣಾರು ಕುರುಗೋಡಾಗ ಅದಾರ’ ಎಂದು ಆ ತಾಯಿ ತನ್ನ ಬಾಯಿಂದಲೇ ಹೇಳಿದ್ದಳಲ್ಲ! ಗೆಳತಿಯ ಪುಸ್ತಕದಲ್ಲಿ ಬರೆದೂ ಇತ್ತು. ನಾನು ಅವಳ ಮಾತಿನ ಚಂದವನ್ನಷ್ಟೇ ಕೇಳಿಸಿಕೊಂಡಿದ್ದೆ, ಮಾತನ್ನು ಕೇಳಿಸಿಕೊಂಡಿರಲಿಲ್ಲ. ಗುಂಪು ಮುಗಿದಾಗ ಆರನೇ ಚೀಟಿಯಾಕೆ ಪಿನ್ನು ಬಿಚ್ಚಿ ಚೀಟಿಯನ್ನು ನನ್ನ ಕೈಗೆ ಕೊಟ್ಟು, “ಆ ಹೆಣಮಗಳು ಯಾವ ಊರಾಕಿ?” ಎಂದು ಕೇಳಿದಳು.

“ಅದನ್ನ ಹೇಳಂಗಿಲ್ರಿ,” ಎಂದೆ. ಏನು ಮಾತಿದು! ‘ರಾಯಚೂರು ಕಡೆಯಾಕೆ’ ಎಂದು ಒಂದು ಸುಳ್ಳು ಬಿಟ್ಟಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಇಷ್ಟು ವರ್ಷ ಸುಳ್ಳು ಹೆಂಗಸರನ್ನು ಹುಟ್ಟಿಸಿದವಳಿಗೆ ಬೇಕಾದಾಗ ಒಂದು ಸುಳ್ಳು ಊರು ಹೊಳೆಯಲಿಲ್ಲ.

ನಾಲ್ಕು ದಿನಕ್ಕೆ ಫೋನ್ ಬಂತು. ಗುಂಪಿಗೆ ಬಂದವರಿಗೆಲ್ಲ ನನ್ನ ನಂಬರ್ ಇರುವ ಹಾಳೆ ಕೊಟ್ಟಿರುತ್ತೇವೆ, ಏನಾದರೂ ತೊಂದರೆಯಾದರೆ ಕರೆ ಮಾಡಿ ಎಂದು. ಹದಿನೈದು ವರ್ಷದಲ್ಲಿ ಯಾರೂ ಮಾಡಿರಲಿಲ್ಲ.

“ಮೇಡಮ್ಮಾರ, ನಾನ್ರಿ, ಸಿರಗುಪ್ಪದಾಕಿ, ನಾಕನೇ ನಂಬರು,” ಎಂದಳು. ಹೆಸರು ಹೇಳಿಕೊಳ್ಳಲಿಲ್ಲ. ನಾನು ಕೊಟ್ಟ ನಂಬರನ್ನೇ ಹೇಳಿದಳು. ಅಳುತ್ತಿರಲಿಲ್ಲ, ಬೈಯಲೂ ಇಲ್ಲ. ಗಡಿಬಿಡಿಯಲ್ಲಿ, ಆದರೆ ಸ್ಪಷ್ಟವಾಗಿ ಹೇಳಿದಳು. “ನಮ್ಮ ನೆಗೆಣ್ಣಿ ಫೋನ್ ಮಾಡಿದ್ಳು. ಚೀಲ ಯಾರು ಹೊಲದದ್ದು ಖರೇ ಹೇಳು ಅಂದ್ಳು. ನಾ ಆಣಿ ಮಾಡಿ ಮಗಳು ಅಂದೀನ್ರಿ. ಆಕಿ ಕೆಟ್ಟಾಕಿ ಅಲ್ರಿ. ಅವರ ಯಜಮಾನ್ರು ಮೆಣಸಿನಕಾಯಿ ತಗೊಂಡು ಬ್ಯಾಡಗಿಗಿ ಹೋಗ್ಯಾರ, ಅಮಾಸಿ ದಿನ ಬರ್ತಾರ. ‘ಅಲ್ಲಿತನ ನಾ ಬಾಯಿ ಬಿಡಂಗಿಲ್ಲ, ಆ ಮೇಡಮ್ಮು ಬಂದು ಆ ಕತಿ ನಿಂದಲ್ಲ ಅಂತ ನನ್ನ ಮುಖ ನೋಡಿ ಹೇಳ್ಲಿ, ನಾ ನಂಬತೀನಿ’ ಅಂದಾಳ. ಒಂದ್ಸಲ ಹೋಗಿ ಬರ್ರಿ. ರಾಯಚೂರು ಅನ್ರಿ, ಗಂಗಾವತಿ ಅನ್ರಿ, ಎಲ್ಲಿದರ ಅನ್ರಿ. ನಿಮ್ಮ ಮಾತು ನಂಬ್ತಾಳ್ರಿ.”

ಅಮಾವಾಸ್ಯೆಗೆ ಐದು ದಿನವಿತ್ತು. “ನೋಡ್ತೀನವ್ವಾ,” ಎಂದೆ.

ಈ ‘ನೋಡ್ತೀನಿ’ ಎಂಬ ಮಾತಿದೆಯಲ್ಲ, ಇದಕ್ಕಿಂತ ಹೇಸಿಗೆಯ ಮಾತು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ. ಆಗುವುದಿಲ್ಲ ಎಂದಿದ್ದರೆ ಅವಳು ಬೇರೆ ದಾರಿ ಹುಡುಕುತ್ತಿದ್ದಳೇನೋ. ನಾನು ಅವಳನ್ನು ಕಾಯಿಸಿದೆ.

ಅಧ್ಯಯನದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು, “ಭಾಗವಹಿಸಿದವರನ್ನು ಮತ್ತೆ ಭೇಟಿ ಮಾಡುವುದು ಸರಿಯಲ್ಲ. ಗುಟ್ಟು ಹೊರಗೆ ಹೋಗಿದೆ ಎಂದು ನಾವು ಒಪ್ಪಿಕೊಂಡ ಹಾಗಾಗುತ್ತದೆ. ಆಮೇಲೆ ಸಂಶೋಧನೆಯ ನೀತಿ ಸಮಿತಿಗೆ ಬರೆಯಬೇಕು, ಯಾರ ಗುಂಪಿನಲ್ಲಿ ಆಯಿತು ಎಂದು ಕೇಳುತ್ತಾರೆ. ನಿಮಗೆ ಬಿಟ್ಟದ್ದು,” ಎಂದರು. ನಿಮಗೆ ಬಿಟ್ಟದ್ದು ಎಂದರು, ಹೋಗಬೇಡಿ ಎನ್ನಲಿಲ್ಲ. ಆದರೂ ಅವರು ಬೇಡವೆಂದರು ಎಂದೇ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ಇಲ್ಲಿ ಮೊದಲ ಸಲ ನಿಜ ಬರೆಯುತ್ತಿದ್ದೇನೆ.

ಫೋನಿನ ವಿಷಯವನ್ನು ಗೆಳತಿಗೂ ಹೇಳಿದ್ದೆ. ಅವಳು ಮರುದಿನ ಆಫೀಸಿಗೆ ಬಂದವಳೇ ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತಳು. “ನಡಿ ಅಕ್ಕಾ, ಕುರುಗೋಡಿಗಿ ಹೋಗಿ ಬರೋಣು. ಬಸ್ಸಿಗಿ ಎಷ್ಟೊತ್ತು? ಊಟದ ಹೊತ್ತಿಗಿ ವಾಪಸ್ ಬರ್ತೀವಿ.”

“ಹೋಗಿ ಸುಳ್ಳು ಹೇಳಬೇಕೇನು? ನಾವು ಸಂಶೋಧನೆ ಮಾಡೋರು,” ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೌದಾ? ಬೇರೆ ಕಡಿ ಒಬ್ಬಾಕಿ ಹಿಂಗಂದ್ಳು, ಬೇರೆ ಕಡಿ ಒಬ್ಬಾಕಿ ಹಂಗಂದ್ಳು ಅಂತೀಯಲ್ಲ, ಅವೆಲ್ಲ ಏನು ಮತ್ತ? ಆ ಅಲ್ಲಾಹನೇ ನಿನ್ನ ನೋಡ್ಕೊಳ್ಲಿ,” ಎಂದು ತನ್ನ ಜಾಗಕ್ಕೆ ಹೋಗಿ ಕೂತಳು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆದರೂ ಏಳಲಿಲ್ಲ. ಹೆದರಿಕೆ ಇದ್ದದ್ದು ಸುಳ್ಳಿಗಲ್ಲ. ಆ ಪಡಸಾಲೆಗೆ ಮತ್ತೆ ಕಾಲಿಟ್ಟರೆ ಸುದ್ದಿಯಾಗುತ್ತದೆ, ಇವಳ ಬಾಯಿಂದ ಗುಟ್ಟು ಸೋರಿತು ಎಂದು ಬಳ್ಳಾರಿಯ ಸರ್ವೆ ಮಾಡುವವರೆಲ್ಲ ಆಡಿಕೊಳ್ಳುತ್ತಾರೆ, ಎತ್ತಿದ ಕೈ ಎಂಬ ಹೆಸರು ಹೋಗುತ್ತದೆ. ಇಷ್ಟೇ. ಒಂದು ಹುಡುಗಿಯ ಒಂದೂವರೆ ವರ್ಷದ ಎದುರಿಗೆ ನಾನು ಇಟ್ಟು ತೂಗಿದ್ದು ಇದನ್ನು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಆಫೀಸಿನಲ್ಲಿ ಇಯರ್‌ಫೋನ್ ಕಿವಿಗೆ ಹಾಕಿಕೊಂಡು ರೆಕಾರ್ಡ್ ಕೇಳುತ್ತಾ ಬರೆದಿಳಿಸುತ್ತಿದ್ದೆ. ಸಿರುಗುಪ್ಪದ ಗುಂಪೇ ಬಂತು. ‘ನಮ್ಮ ಹುಡುಗಿಗಿ ಸೂಜ್ಯಾಗ ದಾರ’ ಎಂದು ಅವಳು ಕಿವಿಯೊಳಗೆ ನಗುತ್ತಿರುವಾಗಲೇ ಮೇಜಿನ ಮೇಲೆ ಫೋನ್ ಹೊಳೆಯಿತು. ಅದೇ ನಂಬರು. ಫೋನನ್ನು ಮಗುಚಿ ಇಟ್ಟೆ. ಅದು ಮೇಜಿನ ಮೇಲೆ ಗುರುಗುಟ್ಟಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ. ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ ಇನ್ನೊಂದು ಸಲ. ಎದುರಿನ ಮೇಜಿನಿಂದ ಗೆಳತಿ ನೋಡುತ್ತಿದ್ದಳು. ಆಮೇಲೆ ಆ ನಂಬರಿನಿಂದ ಕರೆ ಬರಲಿಲ್ಲ.

ಥೂ ನನ್ನ ಜನ್ಮಕ್ಕೆ ಎಂದು ಅವತ್ತು ಅನ್ನಿಸಲಿಲ್ಲ. ಅದೇ ವಿಚಿತ್ರ. ಅವತ್ತು ಅನ್ನಿಸಿದ್ದು, ಸದ್ಯ ಮುಗಿಯಿತು ಎಂದು.

ವರದಿ ಚೆನ್ನಾಗಿ ಬಂತು. ನಾಲ್ಕನೇ ಚೀಟಿಯಾಕೆಯ ಮಾತನ್ನು ಒಂದು ಪುಟದಲ್ಲಿ ಚೌಕ ಹಾಕಿ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ್ದರು. ಕೆಳಗೆ ‘ಒಬ್ಬ ತಾಯಿ’ ಎಂದಷ್ಟೇ ಇತ್ತು. ಬಳ್ಳಾರಿಯ ಒಂದು ಹೋಟೆಲಿನ ಸಭಾಂಗಣದಲ್ಲಿ ಅದನ್ನು ಓದಿ ಹೇಳುವ ಕೆಲಸವೂ ನನಗೇ ಬಂತು. ಸೂಜಿ ದಾರದ ಮಾತಿಗೆ ಎಲ್ಲರೂ ನಕ್ಕರು. ಚಹಾದ ಹೊತ್ತಿನಲ್ಲಿ ಒಬ್ಬರು ಬಂದು, “ಎಂಥ ಜೀವಂತ ದನಿ ಹಿಡಿದಿದ್ದೀರಿ,” ಎಂದರು. “ಆ ಹುಡುಗಿ ಈಗ ಏನು ಮಾಡ್ತಿದ್ದಾಳೆ?” ಎಂದೂ ಕೇಳಿದರು. “ಓದ್ತಿದ್ದಾಳೆ,” ಎಂದೆ. ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಧೈರ್ಯವೂ ಇರಲಿಲ್ಲ. ಸಿರುಗುಪ್ಪದ ಬಸ್ಸಿನಿಂದ ಬಿಳಿ ಯೂನಿಫಾರ್ಮಿನ ಹುಡುಗಿಯರು ಇಳಿಯುವುದನ್ನು ಕಂಡರೆ ಇವರಲ್ಲಿ ಒಬ್ಬಳಿರಬಹುದು ಎಂದು ಅಂದುಕೊಂಡು ಬೇಗ ಬೇಗ ಆಚೆ ಹೋಗುತ್ತಿದ್ದೆ.

ಆಮೇಲೆ ಎರಡು ವರ್ಷ ಸಿರುಗುಪ್ಪದ ಕೆಲಸ ಬಂದಾಗಲೆಲ್ಲ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡೆ. ಮೊನ್ನೆ ಬೇಸಿಗೆಯಲ್ಲಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಈ ಸಲ ವಿಷಯ ಕುಡಿಯುವ ನೀರು. ಅದೇ ಭವನ, ಅದೇ ಹೊಟ್ಟಿನ ಧೂಳು. ಊರಿನ ಹೆಂಗಸೊಬ್ಬಳು ಜನ ಸೇರಿಸುವ ಹೊಣೆ ಹೊತ್ತಿದ್ದಳು. ಏಳು ಜನ ಕೂತಿದ್ದರು. “ಇನ್ನೊಬ್ರನ್ನ ಕರಕೊಂಡು ಬರ್ತೀನಿ ತಡೀರಿ,” ಎಂದು ಓಣಿಗೆ ಹೋಗಿ ಒಬ್ಬಳನ್ನು ಕೈ ಹಿಡಿದು ಎಳೆದುಕೊಂಡು ಬಂದಳು. ಬಂದವಳು ಹೊಸ್ತಿಲಲ್ಲಿ ನನ್ನನ್ನು ನೋಡಿ ನಿಂತಳು.

ನಾಲ್ಕನೇ ಚೀಟಿಯಾಕೆ.

ನಮ್ಮ ನಿಯಮದ ಪ್ರಕಾರ, ನಡೆಸುವವರಿಗೆ ಗುರುತಿದ್ದವರನ್ನು ಗುಂಪಿನಲ್ಲಿ ಕೂರಿಸಬಾರದು. ವಿನಯದಿಂದ ಕಳಿಸಿಬಿಡಬೇಕು. ನಾನು ಕಳಿಸಲಿಲ್ಲ. ಅವಳು ಒಳಗೆ ಬಂದು, ಉಳಿದಿದ್ದ ಒಂದೇ ಜಾಗದಲ್ಲಿ, ನನ್ನ ಎದುರಿಗೆ ಕೂತಳು. ಗೆಳತಿ ಎದ್ದು ಹೋಗಿ ಎಂಟನೇ ಚೀಟಿಗೆ ಪಿನ್ನು ಹಾಕಿದಳು.

ನಿಯಮ ಹೇಳಬೇಕಲ್ಲ. ಹೇಳಿದೆ. ತಪ್ಪು ಉತ್ತರ ಯಾವುದೂ ಇಲ್ಲ ಎಂದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿ ಎಂದೆ. ಕೊನೆಯದಕ್ಕೆ ಬಂದಾಗ ಕೈ ತಾನಾಗಿ ಜಮಖಾನದ ಕಡೆ ಹೋಯಿತು, ಹಳೆಯ ರೂಢಿ. ಅವಳು ಆ ಕೈಯನ್ನೇ ನೋಡುತ್ತಿದ್ದಳು. ಕೈಯನ್ನು ಮಡಿಲಿಗೆ ಎಳೆದುಕೊಂಡೆ. “ಇಲ್ಲಿ ಆಡಿದ ಮಾತು…” ಎಂದು ತಡವರಿಸಿದೆ. ಮುಂದಿನದನ್ನು ಗೆಳತಿ ಹೇಳಿ ಮುಗಿಸಿದಳು.

ಒಂದು ತಾಸು ನೀರಿನ ಮಾತು ನಡೆಯಿತು. ನಲ್ಲಿ ಎಷ್ಟು ದಿನಕ್ಕೆ ಬರುತ್ತದೆ, ಕಾಲುವೆ ಬಂದಾದಾಗ ಏನು ಮಾಡುತ್ತೀರಿ. ಬೇರೆಯವರು ಕೂಗಾಡಿ ಜಗಳಾಡಿ ಹೇಳಿದರು. ಅವಳ ಸರದಿ ಬಂದಾಗಲೆಲ್ಲ, “ಎಲ್ಲಾ ಚಲೋ ಐತ್ರಿ,” ಎಂದು ಸುಮ್ಮನಾಗುತ್ತಿದ್ದಳು. ಮೂರು ದಿನಕ್ಕೊಮ್ಮೆ ನೀರು ಬರುವುದಕ್ಕೂ ಚಲೋ ಐತ್ರಿ, ನೀರು ವಾಸನೆ ಬರುವುದಕ್ಕೂ ಚಲೋ ಐತ್ರಿ. ಅವತ್ತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು ನನಗೆ ಚಿನ್ನ ಕೊಟ್ಟವಳು ಇವಳೇ. ನಾನು ಹತ್ತು ಎಣಿಸಲು ಹೋಗಲಿಲ್ಲ. ಅವಳ ಮುಖ ನೋಡುವ ಯೋಗ್ಯತೆಯೇ ನನಗಿರಲಿಲ್ಲ. ಪಕ್ಕದವಳ ಚೀಟಿ ನೋಡುತ್ತಾ ಪ್ರಶ್ನೆ ಕೇಳಿ ಮುಗಿಸಿದೆ.

ಗುಂಪು ಮುಗಿಸುವ ಮುಂಚೆ ಎಲ್ಲರಿಗೂ ಒಂದು ಕೊನೆಯ ಪ್ರಶ್ನೆ ಕೇಳುವುದು ಪದ್ಧತಿ. ನಾವು ಕೇಳದೆ ಬಿಟ್ಟಿದ್ದು, ನೀವು ಹೇಳಬೇಕು ಅನ್ನಿಸಿದ್ದು ಏನಾದರೂ ಇದೆಯೇ? ಒಬ್ಬೊಬ್ಬರಾಗಿ ಇಲ್ಲ ಎಂದರು. ಎಂಟನೇ ಚೀಟಿಗೆ ಬಂತು.

“ಐತ್ರಿ,” ಎಂದಳು.

ಗೆಳತಿಯ ಪೆನ್ನು ನಿಂತಿತು. ಎಲ್ಲರೂ ಅವಳ ಕಡೆ ತಿರುಗಿದರು.

“ನಮ್ಮ ಹುಡುಗಿ ಈಗ ಖರೇನ ಹೊಲೀತಾಳ್ರಿ. ಬಳ್ಳಾರ್ಯಾಗ, ಗಂಡನ ಮನ್ಯಾಗ. ಜೀನ್ಸಿಗಿ ಜಿಪ್ಪು ಹಚ್ಚೋ ಕೆಲಸ. ಮುಂಜಾನಿಂದ ಸಂಜಿತನ ಹಚ್ಚತಾಳ. ಭಾಳ ಚಲೋ ಹಚ್ಚತಾಳಂತ, ಎಲ್ಲಾರೂ ಅಂತಾರ.” ದನಿ ಏರಲಿಲ್ಲ, ಇಳಿಯಲಿಲ್ಲ. “ಬರಕೊಳ್ರಿ.”

ಪಕ್ಕದವಳಿಗೆ ಅಚ್ಚರಿ. “ಅಯ್ಯ, ನೀರಿನ ಮೀಟಿಂಗಿನ್ಯಾಗ ಅದ್ಯಾಕ ಹೇಳ್ತಿಯವಾ?” ಎಂದಳು.

“ಈ ಮೇಡಮ್ಮಾರಿಗೆ ಬೇಕಾಗಿತ್ತು,” ಎಂದಳು ಅವಳು, ಚೀಟಿಯ ಪಿನ್ನು ಬಿಚ್ಚುತ್ತಾ. “ನಮ್ಮ ಹುಡುಗಿಗಿ ಸೂಜ್ಯಾಗ ದಾರ ಪೋಣ್ಸಾಕ ಬರಂಗಿಲ್ಲ ಅಂತ ಒಂದ್ಸಲ ಬರಕೊಂಡಿದ್ರು. ಅದು ತಪ್ಪಾಗಬಾರದಲ್ಲ.”

ಚೀಟಿಯನ್ನು ಜಮಖಾನದ ಮೇಲೆ ನನ್ನ ಮುಂದಿಟ್ಟು ಎದ್ದು ಹೋದಳು. ರೆಕಾರ್ಡ್ ಇನ್ನೂ ಓಡುತ್ತಿತ್ತು. ಗೆಳತಿ ಬರೆಯಲಿಲ್ಲ. ಪುಸ್ತಕವನ್ನೂ ಪೆನ್ನನ್ನೂ ನನ್ನ ಕಡೆ ಸರಿಸಿದಳು. ಏಳು ಹೆಂಗಸರು ನೋಡುತ್ತಿರುವಾಗ ತಲೆ ತಗ್ಗಿಸಿ ನಾನೇ ಬರೆದುಕೊಂಡೆ.